ನಾದದ ಪೆಟ್ಟಿಗೆಯನ್ನು ಕೊಳ್ಳುವ ಮುನ್ನ

ರಾಣೆಬೆನ್ನೂರಿನ ಕಡೆಯ ಶರಣಬಂಧುಗಳೊಬ್ಬರು ನಮಗೆ ನಾಲ್ಕು ಪುಟಗಳ ಪತ್ರವೊಂದನ್ನು ಬರೆದಿದ್ದಾರೆ. ಈ ಅಂಕಣಕ್ಕೆ ಬರುವ ಪತ್ರಗಳು ಸಾಮಾನ್ಯವಾಗಿ ಗೃಹಪ್ರವೇಶದ ವಿಧಿ, ಮಕ್ಕಳ ಲಿಂಗದೀಕ್ಷೆ, ವಚನಗಳಲ್ಲಿ ಬರುವ ಕಠಿಣ ಪದಗಳ ಅರ್ಥ ಮೊದಲಾದವನ್ನು ಕುರಿತಿರುತ್ತವೆ. ಇವರು ಕೇಳಿರುವುದು ಮನೆಗೆ ಕೊಳ್ಳಬೇಕಾದ ಸ್ಪೀಕರುಗಳನ್ನು ಕುರಿತು. “ಮಠದಲ್ಲಿ ಓದಿದವರಿಗೆ ಇದೆಂಥ ಪ್ರಶ್ನೆ ಕೇಳಿದನೆಂದು ನಗಬೇಡಿರಿ” ಎಂದು ಮೊದಲೇ ಕೇಳಿಕೊಂಡಿದ್ದಾರೆ. ನಾವು ನಗಲಿಲ್ಲ. ಪತ್ರವನ್ನು ಎರಡು ಸಲ ಓದಿದೆವು.

ವಿಷಯವಿಷ್ಟು. ಇವರ ಕುಟುಂಬವು ಹೋದ ವರ್ಷ ಮಣ್ಣಿನ ಮಾಳಿಗೆಯ ಹಳೆಯ ಮನೆಯನ್ನು ಬಿಟ್ಟು, ಕಾಂಕ್ರೀಟಿನ ಹೊಸ ಮನೆಗೆ ಬಂದಿತು. ಹಳೆಯ ಮನೆಯ ಪಡಸಾಲೆಯಲ್ಲಿ ಒಂದು ರೇಡಿಯೋ, ಒಂದು ಟೇಪ್ ರೆಕಾರ್ಡರು ಇದ್ದವು. ಸಂಜೆಯ ಪೂಜೆಯಾದ ಮೇಲೆ ಅವರ ತಾಯಿಯವರು ಅಲ್ಲಿಯೇ ಕಂಬಕ್ಕೊರಗಿ ವಚನಗಾಯನವನ್ನು ಕೇಳುವುದು ಬಹುವರ್ಷಗಳ ರೂಢಿ. ಹೊಸ ಮನೆಯಲ್ಲಿ ಮೊಮ್ಮಗನು ತನ್ನ ಬ್ಲೂಟೂತ್ ಪೆಟ್ಟಿಗೆಯಿಂದ ಅವೇ ಹಾಡುಗಳನ್ನು ಹಚ್ಚಿದರೆ ಎಪ್ಪತ್ತನಾಲ್ಕು ವಯಸ್ಸಿನ ಆ ತಾಯಿ, “ಹಾಡು ಕೇಳ್ತದ, ಮಾತು ತಿಳಿಯೂದಿಲ್ಲ. ನನ್ನ ಕಿವಿ ಹ್ವಾದುವು, ನೀವ ಕೇಳ್ರಿ” ಎಂದು ಎದ್ದು ಒಳಗೆ ಹೋಗಿಬಿಡುತ್ತಾರಂತೆ. ಈಗ ಮನೆಯವರೆಲ್ಲ ಕೂಡಿ 60 ಸಾವಿರ ರೂಪಾಯಿ ತೆಗೆದಿರಿಸಿದ್ದಾರೆ. ಅಂಗಡಿಯವನು ದೊಡ್ಡ ಸಬ್‌ವೂಫರು ಇರುವ, ಸಾವಿರ ವ್ಯಾಟ್ ಎಂದು ಬರೆದಿರುವ ಸೆಟ್ಟನ್ನು ತೋರಿಸಿದ್ದಾನೆ. ಮೊಮ್ಮಗನು ಅದಕ್ಕೆ ಒಪ್ಪಿದ್ದಾನೆ, ಮಗನಿಗೆ ಸಂದೇಹ. ಇದರ ಜೊತೆಗೆ ಮನೆಯಲ್ಲಿ ಮೂರು ಕ್ಯಾಸೆಟ್ಟುಗಳಿವೆ. ಅವುಗಳಲ್ಲಿ ಲಿಂಗೈಕ್ಯರಾದ ಅವರ ತಂದೆಯವರು ಶ್ರಾವಣಮಾಸದ ಪುರಾಣದಲ್ಲಿ ಹಾಡಿದ ತತ್ತ್ವಪದಗಳಿವೆ. ಅವನ್ನು ತಾಯಿಯವರಿಗೆ ಕೇಳಿಸುವುದೇ ಈ ಖರೀದಿಯ ಮುಖ್ಯ ಉದ್ದೇಶವೆಂದು ಪತ್ರದ ಕೊನೆಯ ಪುಟದಲ್ಲಿ, ಏನೋ ಸಣ್ಣ ವಿಷಯವೆಂಬಂತೆ ಬರೆದಿದ್ದಾರೆ.

ಆ ತಾಯಿಯವರ ಮಾತನ್ನು ಧ್ವನಿಶಾಸ್ತ್ರದ ಪಂಡಿತರು ಕೇಳಿದ್ದರೆ ತಲೆದೂಗುತ್ತಿದ್ದರು. ಹಾಡು ಕೇಳಿಸುವುದು ಬೇರೆ, ಮಾತು ತಿಳಿಯುವುದು ಬೇರೆ. ನಮ್ಮ ನುಡಿಯ ಸ್ವರಾಕ್ಷರಗಳ ಬಲವು ಬಹುಮಟ್ಟಿಗೆ ಸೆಕೆಂಡಿಗೆ 1000 ಕಂಪನಗಳ, ಎಂದರೆ 1000 ಹರ್ಟ್ಝ್‌ಗಳ, ಕೆಳಗೆ ಇರುತ್ತದೆ. ವ್ಯಂಜನಗಳನ್ನು ಒಂದರಿಂದ ಒಂದನ್ನು ಬೇರ್ಪಡಿಸುವ ಗುರುತುಗಳು ಹೆಚ್ಚಾಗಿ ಇರುವುದು 2000ದಿಂದ 4000 ಹರ್ಟ್ಝ್‌ಗಳ ನಡುವೆ. ಸಕಾರ ಶಕಾರಗಳದು ಇನ್ನೂ ಮೇಲೆ. ಕಾಯಿ, ತಾಯಿ, ಬಾಯಿ, ನಾಯಿ ಎಂಬ ನಾಲ್ಕು ಪದಗಳನ್ನು ನೋಡಿರಿ. ಸ್ವರಗಳು ಒಂದೇ, ಮೊದಲ ವ್ಯಂಜನವೊಂದೇ ಬೇರೆ. ಆ ವ್ಯಂಜನವು ಕಿವಿಗೆ ಮುಟ್ಟುವುದು ಕ್ಷಣಾರ್ಧದಲ್ಲಿ, ಅದೂ ಅತಿ ಕಡಿಮೆ ಬಲದಿಂದ. ಅದು ಕೆಟ್ಟರೆ ನಾದವೆಲ್ಲ ಉಳಿದು ಅರ್ಥ ಮಾತ್ರ ಹೋಗುತ್ತದೆ. ಖಯಾಲ್ ಗಾಯನವು ಈ ನಷ್ಟವನ್ನು ಸ್ವಲ್ಪಮಟ್ಟಿಗೆ ತಾಳಿಕೊಂಡೀತು, ಅಲ್ಲಿ ರಾಗವೇ ಪ್ರಧಾನ. ವಚನಕ್ಕೆ ಆ ಸೌಕರ್ಯವಿಲ್ಲ. ಅದರ ಹೆಸರೇ ಮಾತು. ಮಾತು ತಿಳಿಯದ ವಚನಗಾಯನವು ಎಡೆ ಬಡಿಸಿ ಬಾಯಿ ಕಟ್ಟಿದಂತೆ.

ಆದುದರಿಂದ ವಚನ, ತತ್ತ್ವಪದ, ಪ್ರವಚನಗಳನ್ನು ಕೇಳುವ ಮನೆಗೆ ಸ್ಪೀಕರು ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆಯು ಎಷ್ಟು ಜೋರು ಎಂಬುದಲ್ಲ; ಮೆಲ್ಲಗೆ ಹಚ್ಚಿದಾಗ ಅಕ್ಷರ ಅಕ್ಷರವಾಗಿ ತಿಳಿಯುತ್ತದೆಯೇ ಎಂಬುದು. ಇದು ನಮ್ಮ ನಿಲುವು. ಮುಂದಿನ ಮಾತೆಲ್ಲ ಇದರ ವಿಸ್ತಾರ.

ಖರೀದಿಗಿಂತ ಮೊದಲು ತಾಯಿಯವರ ಕಿವಿಯ ತಪಾಸಣೆಯಾಗಲಿ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಮೇಲಿನ ಕಂಪನಗಳನ್ನು. ಎಳೆಯರಿಗೆ 20 ಸಾವಿರ ಹರ್ಟ್ಝ್‌ಗಳ ಸಮೀಪದವರೆಗೂ ಕೇಳಿಸಿದರೆ ಅರವತ್ತು ದಾಟಿದವರಲ್ಲಿ ಅನೇಕರಿಗೆ ಅದರ ಅರ್ಧವೂ ಕೇಳಿಸದು. ಜಿಲ್ಲಾ ಕೇಂದ್ರದ ಕಿವಿ, ಮೂಗು, ಗಂಟಲು ವೈದ್ಯರಲ್ಲಿ ಆಡಿಯೋಗ್ರಾಂ ಎಂಬ ಪರೀಕ್ಷೆ ಮಾಡಿಸಬಹುದು; ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ. ಎಷ್ಟೋ ಸಲ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆಯನ್ನು ತೆಗೆದರೆ ಅರ್ಧ ತೊಂದರೆ ನೀಗುತ್ತದೆ. ಶ್ರವಣಯಂತ್ರ ಬೇಕೆಂದು ವೈದ್ಯರು ಹೇಳಿದರೆ ಈ 60 ಸಾವಿರದಲ್ಲಿ ಮೊದಲ ಪಾಲು ಅದಕ್ಕೇ ಸಲ್ಲಬೇಕು. ಸ್ಪೀಕರು ಕಾಯಬಹುದು.

ಆದರೆ ಪತ್ರದಲ್ಲಿ ಇನ್ನೊಂದು ಸಂಗತಿಯಿದೆ. ಹಳೆಯ ಮನೆಯಲ್ಲಿ ಅಗ್ಗದ ರೇಡಿಯೋದಿಂದ ತಿಳಿಯುತ್ತಿದ್ದ ಮಾತು ಹೊಸ ಮನೆಯಲ್ಲಿ ತಿಳಿಯದು ಎಂದಿದ್ದಾರೆ. ಒಂದು ವರ್ಷದಲ್ಲಿ ಕಿವಿ ಅಷ್ಟು ಕೆಡಲಾರದು. ಕೆಟ್ಟಿರುವುದು ಮನೆ.

ಇದನ್ನು ಲೋಕಕ್ಕೆ ಲೆಕ್ಕ ಹಾಕಿ ತೋರಿಸಿದವರು ಅಮೆರಿಕೆಯ ವ್ಯಾಲೇಸ್ ಸಬೈನ್ ಎಂಬ ಭೌತಶಾಸ್ತ್ರದ ಅಧ್ಯಾಪಕರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ತನ್ನ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸಶಾಲೆಯನ್ನು ಸರಿಪಡಿಸುವ ಕೆಲಸವನ್ನು ಅವರಿಗೆ ಒಪ್ಪಿಸಿತು. ಅಲ್ಲಿ ಒಂದು ಮಾತಾಡಿದರೆ ಅದರ ಮಾರ್ದನಿ ಐದು ಸೆಕೆಂಡಿಗೂ ಹೆಚ್ಚು ಕಾಲ ಉಳಿಯುತ್ತಿತ್ತು. ಹಿಂದಿನ ಪದ ಅಳಿಯುವ ಮೊದಲೇ ಮುಂದಿನ ಪದ ಬಂದು ಎಲ್ಲವೂ ಕಲಸಿಹೋಗುತ್ತಿತ್ತು. ಸಬೈನರು ಸಮೀಪದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊರಿಸಿ ತಂದು, ಅವನ್ನು ಸ್ವಲ್ಪ ಸ್ವಲ್ಪವಾಗಿ ಶಾಲೆಯಲ್ಲಿ ಹರವಿ, ಪ್ರತಿ ಸಲವೂ ಆರ್ಗನ್ನಿನ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ಸದ್ದು ಕೇಳಿಸದಾಗುವವರೆಗಿನ ಕಾಲವನ್ನು ಅಳೆದರು. ಕೊನೆಗೆ ಕಂಡುಕೊಂಡ ಸೂತ್ರವು ಸರಳವಾದುದು: ಕೋಣೆ ದೊಡ್ಡದಾದಷ್ಟೂ ಮಾರ್ದನಿ ಹೆಚ್ಚು, ಸದ್ದನ್ನು ಹೀರುವ ವಸ್ತುಗಳು ಹೆಚ್ಚಾದಷ್ಟೂ ಮಾರ್ದನಿ ಕಡಿಮೆ.

ಆ ಸೂತ್ರದಿಂದ ನಮ್ಮ ಊರುಗಳ ಹೊಸ ಪಡಸಾಲೆಯೊಂದನ್ನು ಲೆಕ್ಕ ಹಾಕಿರಿ. ಉದ್ದ 15 ಅಡಿ, ಅಗಲ 12, ಎತ್ತರ 10. ನೆಲಕ್ಕೆ ವಿಟ್ರಿಫೈಡ್ ಟೈಲ್ಸು, ಗೋಡೆಗೆ ಸಿಮೆಂಟಿನ ಗಿಲಾವು, ಮೇಲೆ ಕಾಂಕ್ರೀಟು. ಒಳಗೆ ಏನೂ ಇಲ್ಲದಿದ್ದರೆ ಮಾರ್ದನಿಯ ಕಾಲ ಸುಮಾರು 3 ಸೆಕೆಂಡು. ಮಾತು ಚೆನ್ನಾಗಿ ತಿಳಿಯಬೇಕಾದ ವಾಸದ ಕೋಣೆಯಲ್ಲಿ ಅದು ಅರ್ಧ ಸೆಕೆಂಡಿನ ಆಸುಪಾಸು ಇರುವುದು ಒಳ್ಳೆಯದು. ಹಳೆಯ ಮಾಳಿಗೆಮನೆಯಲ್ಲಿ ಮಣ್ಣಿನ ಗೋಡೆ, ಕಟ್ಟಿಗೆಯ ಜಂತಿ, ಮೂಲೆಯಲ್ಲಿ ಜೋಳದ ಚೀಲಗಳು, ಗಳದ ಮೇಲೆ ಕೌದಿಗಳು, ಎಲ್ಲವೂ ಸೇರಿ ಸದ್ದನ್ನು ಹೀರುತ್ತಿದ್ದವು. ಹೊಸ ಮನೆಯಲ್ಲಿ ಅವೆಲ್ಲ ಕೋಣೆಯ ಹೊರಗೆ ಹೋದವು. ಪಡಸಾಲೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿರಿ. ಹಿಂದೆಯೇ ಝಣ್ ಎಂದು ಸದ್ದು ಹರಿದಾಡಿದರೆ ಲಕ್ಷ ರೂಪಾಯಿಯ ಸ್ಪೀಕರು ತಂದರೂ ಆ ತಾಯಿಗೆ ಮಾತು ತಿಳಿಯದು. ಎಳೆಯ ಕಿವಿಗಳು ಈ ಕಲಸಿದ ಸದ್ದಿನಿಂದ ಪದಗಳನ್ನು ಹೆಕ್ಕಿಕೊಳ್ಳಬಲ್ಲವು. ವಯಸ್ಸಾದ ಕಿವಿಗೆ ಆ ಕೆಲಸ ಕಷ್ಟ. ಆದುದರಿಂದ ಒಂದೇ ಕೋಣೆಯಲ್ಲಿ ಮೊಮ್ಮಗನಿಗೆ ಎಲ್ಲ ಚೆನ್ನಾಗಿದೆ, ಅಜ್ಜಿಗೆ ಏನೂ ತಿಳಿಯದು. ಇಬ್ಬರ ಮಾತೂ ನಿಜ.

ಉಪಾಯವು ಅಗ್ಗದ್ದೇ. ನೆಲಕ್ಕೆ ದಪ್ಪ ಜಮಖಾನೆ, ಕಿಟಕಿಗೆ ನೆರಿಗೆ ತುಂಬಿದ ದಪ್ಪ ಪರದೆ, ಒಂದು ಗೋಡೆಗೆ ಪುಸ್ತಕ ತುಂಬಿದ ಕಪಾಟು, ಮೆತ್ತೆಯ ದಿವಾನು. ಸ್ಪೀಕರುಗಳ ಎದುರಿನ ಗೋಡೆಯ ಮೇಲೆ ಮನೆಯ ಹಳೆಯ ಕೌದಿಯೊಂದನ್ನು ತೂಗುಹಾಕಿರಿ. ಗೋಡೆಗೆ ಅಂಟಿಸದೆ ಎರಡು ಮೂರು ಇಂಚು ಬಿಟ್ಟು ತೂಗಿದರೆ ಅದು ಇನ್ನಷ್ಟು ಕೆಳಗಿನ ಕಂಪನಗಳನ್ನೂ ಹೀರುತ್ತದೆ. ನಮ್ಮ ಹೆಣ್ಣುಮಕ್ಕಳು ಹತ್ತಾರು ಪದರ ಸೇರಿಸಿ ಹೊಲಿದ ಕೌದಿ ಹೊಸ ಮನೆಯ ಗೋಡೆಯ ಮೇಲೆ ಶೋಭಿಸಿದರೆ ನಾಚಿಕೆಯೇಕೆ? ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಗೋಡೆಗೆ ಬಡಿಯಿರೆಂದು ಕೆಲವರು ಸಲಹೆ ಕೊಡುವುದುಂಟು. ನಮ್ಮ ಮನೆಗಳಿಗೆ ಅದು ಆಚಾರದಿಂದಲೂ ಸಲ್ಲದು, ಧ್ವನಿಶಾಸ್ತ್ರದಿಂದಲೂ ಸಲ್ಲದು. ಆ ತೆಳು ರಟ್ಟು ಹೀರುವುದು ಅತ್ಯಲ್ಪ.

ಇನ್ನು ಸ್ಪೀಕರಿನ ವಿಚಾರ. 1925ರಲ್ಲಿ ಅಮೆರಿಕೆಯ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು ವಿವರಿಸಿದ ವಿಧಾನವೇ ಇಂದಿಗೂ ಬಹುಪಾಲು ಸ್ಪೀಕರುಗಳ ಜೀವಾಳ: ಅಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಅಥವಾ ಪ್ಲಾಸ್ಟಿಕಿನ ಶಂಕು. ಸುರುಳಿ ಅಲುಗಿದಂತೆ ಶಂಕು ಗಾಳಿಯನ್ನು ನೂಕುತ್ತದೆ. ಒಂದೇ ಶಂಕು ಎಲ್ಲ ಕಂಪನಗಳನ್ನೂ ಸಮನಾಗಿ ಕೊಡಲಾರದು. ಆದುದರಿಂದ ಮಧ್ಯಮ ಬೆಲೆಯ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಎರಡು ಘಟಕಗಳಿರುತ್ತವೆ: 5 ಅಥವಾ 6 ಇಂಚಿನ ವೂಫರು, 1 ಇಂಚಿನ ಟ್ವೀಟರು. ಕೆಳಗಿನದನ್ನು ವೂಫರಿಗೂ ಮೇಲಿನದನ್ನು ಟ್ವೀಟರಿಗೂ ಹಂಚಿಕೊಡುವ ಚಿಕ್ಕ ವಿದ್ಯುನ್ಮಂಡಲಕ್ಕೆ ಕ್ರಾಸ್‌ಓವರ್ ಎನ್ನುತ್ತಾರೆ. ಈ ಹಂಚಿಕೆ ನಡೆಯುವ ಗಡಿ ಹೆಚ್ಚಾಗಿ 2000ದಿಂದ 3000 ಹರ್ಟ್ಝ್‌ಗಳ ನಡುವೆ. ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಮೇಲೆ ಹೇಳಿದ ವ್ಯಂಜನಗಳ ಸೀಮೆಯೇ ಇದು! ಅಗ್ಗದ ಪೆಟ್ಟಿಗೆಯಲ್ಲಿ ಈ ಗಡಿಯನ್ನು ಒಂದು ಕೆಪಾಸಿಟರಿನಿಂದ ಹೇಗೋ ಹೊಲಿದು ಬಿಟ್ಟಿರುತ್ತಾರೆ. ಅಲ್ಲಿ ಹರಿದ ಬಟ್ಟೆಯಂತೆ ಮಾತು ಹರಿಯುತ್ತದೆ. ಮಧ್ಯಮ ಬೆಲೆಯ ಒಳ್ಳೆಯ ಸ್ಪೀಕರಿಗೆ ನಾವು ಕೊಡುವ ಹಣದಲ್ಲಿ ದೊಡ್ಡ ಪಾಲು ಈ ಕಾಣದ ಹೊಲಿಗೆಗೆ ಸಲ್ಲುತ್ತದೆ ಎಂದು ತಿಳಿಯಬೇಕು.

ನಾವು ಚಿಕ್ಕವರಿದ್ದಾಗ ಮಠದ ಪುರಾಣಕ್ಕೆ ತಗಡಿನ ಕಹಳೆಯಂಥ ಧ್ವನಿವರ್ಧಕವನ್ನು ಬೇವಿನ ಮರಕ್ಕೆ ಕಟ್ಟುತ್ತಿದ್ದರು. ಅದರಲ್ಲಿ ತಬಲಾದ ಗಂಭೀರ ನಾದವೇನೂ ಬರುತ್ತಿರಲಿಲ್ಲ. ಬಂದುದೆಲ್ಲ ಮೂಗಿನಿಂದ ಹಾಡಿದಂತೆ. ಆದರೂ ಹೊಲದಲ್ಲಿ ಎಡೆ ಹೊಡೆಯುವವನಿಗೂ ಶಾಸ್ತ್ರಿಗಳ ಒಂದೊಂದು ಮಾತು ತಿಳಿಯುತ್ತಿತ್ತು. ಆ ಕಹಳೆಯು ಕೆಳಗಿನದನ್ನೂ ತೀರ ಮೇಲಿನದನ್ನೂ ಬಿಟ್ಟು, ನಡುವಿನ ಮಾತಿನ ಸೀಮೆಯನ್ನು ಮಾತ್ರ ಮುಂದೆ ನೂಕುವ ಯಂತ್ರ. ಬಯಲಿನಲ್ಲಿ ಮಾರ್ದನಿಯೂ ಇಲ್ಲ. ಮನೆಗೆ ಅದನ್ನು ತನ್ನಿರೆಂದು ನಾವು ಹೇಳುತ್ತಿಲ್ಲ. ಮಾತಿಗೆ ಬೇಕಾದುದು ಏನೆಂಬುದಕ್ಕೆ ಅದು ಸಾಕ್ಷಿ. ಅದೇ ಮಾತನ್ನು ನಾದದ ಸೊಗಸೂ ಕೆಡದಂತೆ ಸಾಧಿಸಿದವರು ಇಂಗ್ಲೆಂಡಿನ ಬಿ.ಬಿ.ಸಿ.ಯ ಇಂಜಿನಿಯರರು. ಹೊರಾಂಗಣ ಪ್ರಸಾರದ ವಾಹನಗಳಂಥ ಇಕ್ಕಟ್ಟಾದ ಸ್ಥಳಗಳಿಗಾಗಿ ಅವರು 1970ರ ದಶಕದಲ್ಲಿ ‘ಎಲ್‌ಎಸ್ 3/5ಎ’ ಎಂಬ, ಒಂದು ಅಡಿ ಎತ್ತರದ ಪುಟ್ಟ ಪೆಟ್ಟಿಗೆಯನ್ನು ರೂಪಿಸಿದರು. ಅಲ್ಲಿ ಸ್ಪೀಕರುಗಳಿಗೆ ಮನುಷ್ಯನ ಮಾತೇ ಮುಖ್ಯ ಒರೆಗಲ್ಲು. ಆ ಪುಟ್ಟ ಪೆಟ್ಟಿಗೆ ಜಗತ್ಪ್ರಸಿದ್ಧವಾಯಿತು. ಇಂದು ಅದರ ಮರುತಯಾರಿಕೆಗಳ ಬೆಲೆ ನಮ್ಮ ಪತ್ರಲೇಖಕರ ಮಿತಿಯನ್ನು ಬಹಳ ಮೀರಿದ್ದು. ಆದರೆ ಆ ಮಾದರಿಯ ಚಿಕ್ಕ, ಎರಡು ಘಟಕಗಳ ಜೋಡಿಗಳು ಮಧ್ಯಮ ಬೆಲೆಗೆ ಧಾರಾಳವಾಗಿ ದೊರೆಯುತ್ತವೆ. ಪೇಟೆಯಲ್ಲಿ ಇವನ್ನು ‘ಬುಕ್‌ಶೆಲ್ಫ್ ಸ್ಪೀಕರ್’ ಎಂದು ಕರೆಯುತ್ತಾರೆ.

ಸಾವಿರ ವ್ಯಾಟಿನ ವಿಚಾರಕ್ಕೆ ಬರೋಣ. 1990ರ ದಶಕದ ಟೇಪ್ ರೆಕಾರ್ಡರುಗಳ ಮೇಲೆ ‘ಪಿ.ಎಂ.ಪಿ.ಒ.’ ಎಂದು ಸಾವಿರಾರು ವ್ಯಾಟುಗಳ ಅಂಕಿ ಬರೆದಿರುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಅದು ಅಳತೆಯಲ್ಲ, ಅಲಂಕಾರ. ನೋಡಬೇಕಾದುದು ‘ಆರ್.ಎಂ.ಎಸ್.’ ಎಂದು ಬರೆದ ನಿರಂತರ ಶಕ್ತಿಯ ಅಂಕಿ. ಅದಕ್ಕಿಂತ ಮೊದಲು ಸ್ಪೀಕರಿನ ‘ಸೆನ್ಸಿಟಿವಿಟಿ’. 86 ಡೆಸಿಬೆಲ್ ಎಂದು ಬರೆದಿದ್ದರೆ, ಒಂದು ವ್ಯಾಟ್ ಶಕ್ತಿಗೆ ಒಂದು ಮೀಟರು ದೂರದಲ್ಲಿ ಅಷ್ಟು ಸದ್ದು ಬರುತ್ತದೆಂದು ಅರ್ಥ. ಎದುರುಬದುರು ಕುಳಿತು ಆಡುವ ಸಾಧಾರಣ ಮಾತಿನ ಸದ್ದು ಸುಮಾರು 60 ಡೆಸಿಬೆಲ್. ಅಂದಮೇಲೆ ಸಂಜೆ ಹೊತ್ತು ವಚನ ಕೇಳುವಾಗ ಎಂಟು ಅಡಿ ದೂರದಲ್ಲಿ ಕುಳಿತವರಿಗೆ ಒಂದು ವ್ಯಾಟ್ ಕೂಡ ಹೆಚ್ಚೇ. ಹಾಡಿನ ಏರುಗಳಿಗೂ ತಬಲಾದ ಪೆಟ್ಟಿಗೂ ಹತ್ತಿಪ್ಪತ್ತು ವ್ಯಾಟ್ ಕೈಯಲ್ಲಿರಲಿ ಎಂದರೂ, 30ರಿಂದ 50 ನಿಜವಾದ ವ್ಯಾಟ್ ಕೊಡುವ ಆಂಪ್ಲಿಫೈಯರು ಮನೆಗೆ ಸಾಕಾಗಿ ಮಿಗುತ್ತದೆ. ಇನ್ನೊಂದು ಲೆಕ್ಕ: ಸದ್ದು 3 ಡೆಸಿಬೆಲ್ ಏರಬೇಕಾದರೆ ಶಕ್ತಿ ಎರಡರಷ್ಟಾಗಬೇಕು, ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಸುಮಾರು ಹತ್ತರಷ್ಟಾಗಬೇಕು. 50 ವ್ಯಾಟಿಗೂ 100 ವ್ಯಾಟಿಗೂ ಅಂಗಡಿಯವನು ಹೇಳುವಷ್ಟು ಅಂತರ ಕಿವಿಗೆ ತಿಳಿಯದು. ಆದರೆ ಜೇಬಿಗೆ ತಿಳಿಯುತ್ತದೆ.

60 ಸಾವಿರವನ್ನು ನಾವಾದರೆ ಹೀಗೆ ಹಂಚುತ್ತಿದ್ದೆವು. ಸ್ಪೀಕರು ಜೋಡಿಗೆ 25ರಿಂದ 30 ಸಾವಿರ; ಆಂಪ್ಲಿಫೈಯರಿಗೆ 20ರ ಸುತ್ತುಮುತ್ತು; ಉಳಿದುದರಲ್ಲಿ ಜಮಖಾನೆ, ಪರದೆ, ಸ್ಪೀಕರು ಇಡುವ ಗಟ್ಟಿಮುಟ್ಟಾದ ಕಟ್ಟಿಗೆಯ ಸ್ಟೂಲುಗಳು. ಸ್ಟೂಲುಗಳನ್ನು ಊರಿನ ಬಡಿಗೇರರಿಂದಲೇ ಮಾಡಿಸಬಹುದು. ವಾರ್ಫ್‌ಡೇಲ್, ಕ್ಯೂ ಅಕೌಸ್ಟಿಕ್ಸ್, ಪೋಕ್, ಯಮಾಹಾ ಮೊದಲಾದ ಹೊರದೇಶದ ಹೆಸರುಗಳೂ ಕೋಲ್ಕತ್ತದ ಸೋನೋಡೈನಿನಂಥ ಸ್ವದೇಶಿ ಹೆಸರೂ ವಿಚಾರಿಸಲು ಯೋಗ್ಯ. ಇಂಥದೇ ಕೊಳ್ಳಿರೆಂದು ನಾವು ಹೇಳುವುದಿಲ್ಲ, ಕಿವಿ ಹೇಳಬೇಕು. ಆಂಪ್ಲಿಫೈಯರು ಒಳಗೇ ಇರುವ ಜೋಡಿಗಳೂ ಇವೆ. ಸ್ಥಳವೂ ಹಣವೂ ಉಳಿಯುತ್ತದೆ. ಆದರೆ ಒಳಗಿನ ವಿದ್ಯುನ್ಮಂಡಲ ಕೆಟ್ಟರೆ ಸ್ಪೀಕರೇ ರಿಪೇರಿಗೆ ಹೋಗಬೇಕು, ಇದನ್ನು ನೆನಪಿಡಬೇಕು. ಆಂಪ್ಲಿಫೈಯರಿನಲ್ಲಿ ಬೇಸ್, ಟ್ರೆಬಲ್ ತಿರುಪುಗಳು ಇರಲೇಬೇಕು. ಶುದ್ಧನಾದದ ಹೆಸರಿನಲ್ಲಿ ಕೆಲವು ಬೆಲೆಬಾಳುವ ಯಂತ್ರಗಳಲ್ಲಿ ಅವನ್ನು ತೆಗೆದುಹಾಕಿರುತ್ತಾರೆ. ಹಿರಿಯರಿರುವ ಮನೆಗೆ ಅಂಥ ಶುದ್ಧತೆ ಬೇಡ. ಬೇಸ್ ಸ್ವಲ್ಪ ಇಳಿಸಿ ಟ್ರೆಬಲ್ ಸ್ವಲ್ಪ ಏರಿಸಿದರೆ ಅವರಿಗೆ ಮಾತು ಬಿಡಿಸಿಕೊಂಡು ಬರುತ್ತದೆ. ತಂತಿಗೆ ಸಾವಿರಾರು ರೂಪಾಯಿ ಸುರಿಯಬೇಡಿರಿ. ಒಂದೂವರೆ ಅಥವಾ ಎರಡೂವರೆ ಚದರ ಮಿ.ಮೀ. ದಪ್ಪದ ಸಾದಾ ತಾಮ್ರದ ತಂತಿ ಸಾಕು.

ಅಂಗಡಿಗೆ ಹೋಗುವಾಗ ತಾಯಿಯವರನ್ನು ಕರೆದುಕೊಂಡೇ ಹೋಗಬೇಕು. ಅವರು ಬೇಡವೆನ್ನುತ್ತಾರೆ, ನಮಗೆ ಗೊತ್ತು. ಆದರೂ ಒತ್ತಾಯಿಸಿರಿ. ಹಿಂದಿನ ದಿನ ಮನೆಯ ಮಾಳಿಗೆಯ ಮೇಲೆ, ಗದ್ದಲವಿಲ್ಲದ ಹೊತ್ತಿನಲ್ಲಿ, ಸೊಸೆಯವರು ದಿನಪತ್ರಿಕೆಯ ಒಂದು ಸುದ್ದಿಯನ್ನು ಓದಿದುದನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿರಿ. ಅಂಗಡಿಯಲ್ಲಿ ಅದನ್ನೇ ಸ್ಪೀಕರಿನಲ್ಲಿ ಹಚ್ಚಿಸಿ, ಸೊಸೆಯವರನ್ನೂ ಎದುರಿಗೆ ನಿಲ್ಲಿಸಿ ಅದೇ ಸುದ್ದಿಯನ್ನು ಓದಿಸಿರಿ. ಯಾವ ಪೆಟ್ಟಿಗೆಯಲ್ಲಿ ಅವರ ಧ್ವನಿ ಅವರ ಧ್ವನಿಯಾಗಿಯೇ ಉಳಿಯಿತು, ಯಾವುದರಲ್ಲಿ ಮಡಕೆಯೊಳಗಿನಿಂದ ಮಾತಾಡಿದಂತಾಯಿತು, ಯಾವುದರಲ್ಲಿ ಸಕಾರವು ಹಾವಿನಂತೆ ಬುಸುಗುಟ್ಟಿತು ಎಂಬುದು ಅಜ್ಜಿಗೂ ಮೊಮ್ಮಗನಿಗೂ ಒಂದೇ ಸಲಕ್ಕೆ ತಿಳಿಯುತ್ತದೆ. ಇದು ನಮ್ಮ ಹೊಸ ಕಲ್ಪನೆಯಲ್ಲ. 1932ರಲ್ಲಿ ವಾರ್ಫ್‌ಡೇಲ್ ಕಂಪನಿಯನ್ನು ಕಟ್ಟಿದ ಗಿಲ್ಬರ್ಟ್ ಬ್ರಿಗ್ಸ್ ಅವರು 1950ರ ದಶಕದಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಸಾವಿರಾರು ಶ್ರೋತೃಗಳ ಎದುರಿಗೆ ಪ್ರತ್ಯಕ್ಷ ಗಾಯನವಾದನವನ್ನೂ ಸ್ಪೀಕರಿನ ಸದ್ದನ್ನೂ ಒಂದರ ಪಕ್ಕದಲ್ಲೊಂದಿಟ್ಟು ಹೋಲಿಸಿ ತೋರಿಸಿದ್ದರು.

ಎರಡನೆಯ ಪರೀಕ್ಷೆಗೆ ಮಲ್ಲಿಕಾರ್ಜುನ ಮನಸೂರರದೋ ಬಸವರಾಜ ರಾಜಗುರುಗಳದೋ ಸಿದ್ಧರಾಮ ಜಂಬಲದಿನ್ನಿಯವರದೋ ಒಂದು ಹಳೆಯ ವಚನಗಾಯನ ಇರಲಿ. ಅಂಥ ಹಳೆಯ ಮುದ್ರಣಗಳಲ್ಲಿ ಅನೇಕವು ಒಂಟಿ ಚಾನೆಲಿನವು. ಎರಡೂ ಸ್ಪೀಕರುಗಳಿಂದ ಒಂದೇ ಸದ್ದು ಬರುತ್ತದೆ. ಸರಿಯಾದ ಜೋಡಿಯ ಎದುರು ನಡುವೆ ಕುಳಿತರೆ ಗವಾಯಿಗಳು ಎರಡು ಪೆಟ್ಟಿಗೆಗಳ ಮಧ್ಯದಲ್ಲಿ ಕುಳಿತು ಹಾಡಿದಂತಾಗಬೇಕು. ಧ್ವನಿ ಅತ್ತಿತ್ತ ಚೆಲ್ಲಿ, ಗಂಭೀರನಾದವೂ ಮಾಯವಾಗಿದ್ದರೆ ಒಂದು ಸ್ಪೀಕರಿನ ಕೆಂಪು ಕಪ್ಪು ತಂತಿಗಳು ಅದಲುಬದಲಾಗಿವೆಯೇ ಎಂದು ನೋಡಿರಿ. ಅಂಗಡಿಗಳಲ್ಲಿಯೂ ಹೀಗಾಗುವುದುಂಟು. ಇನ್ನು, ಎರಡು ಜೋಡಿಗಳನ್ನು ಹೋಲಿಸುವಾಗ ಸದ್ದು ಸಮನಾಗಿರಬೇಕು. ಕೊಂಚ ಜೋರಾಗಿದ್ದುದೇ ಎಲ್ಲರ ಕಿವಿಗೂ ಉತ್ತಮವೆನಿಸುತ್ತದೆ. ಮಾರುವವನಿಗೆ ಇದು ತಿಳಿದ ವಿದ್ಯೆ.

ಮೊಮ್ಮಗನ ಪಕ್ಷವನ್ನೂ ನ್ಯಾಯವಾಗಿ ನೋಡಬೇಕು. ಗಂಭೀರನಾದ ಬೇಡವೆನ್ನುವುದು ಅರಸಿಕತೆ. ಹಾರ್ಮೋನಿಯಮ್ಮಿನ ಮೊದಲ ಕಪ್ಪುಮನೆಯನ್ನು ಷಡ್ಜವಾಗಿ ಹಿಡಿದು ಹಾಡುವ ಗಾಯಕರ ತಂಬೂರಿಯ ಖರಜದ ತಂತಿ ಸುಮಾರು 69 ಹರ್ಟ್ಝ್‌ನಲ್ಲಿ ಮಿಡಿಯುತ್ತದೆ. ಅದು ಬಾರದ ಪೆಟ್ಟಿಗೆಯಲ್ಲಿ ತಂಬೂರಿಯು ಬರಿಯ ಝೇಂಕಾರವಾಗುತ್ತದೆ. ಆದರೆ 5, 6 ಇಂಚಿನ ವೂಫರಿನ ಒಳ್ಳೆಯ ಪೆಟ್ಟಿಗೆಗಳು 55, 60 ಹರ್ಟ್ಝ್‌ವರೆಗೆ ಇಳಿಯಬಲ್ಲವು. ಕೋಣೆಯ ಗೋಡೆಗಳೂ ಕೆಳಗಿನ ನಾದಕ್ಕೆ ಬಲ ಕೊಡುತ್ತವೆ. ನಮ್ಮ ಸಂಗೀತಕ್ಕೆ ಅಷ್ಟು ಸಾಕು. ಸಿನಿಮಾದ ಗುಡುಗು ಬೇಕೆಂದರೆ ಸಬ್‌ವೂಫರಿಗೆ ಜೋಡಣೆ ಇರುವ ಆಂಪ್ಲಿಫೈಯರನ್ನೇ ಆರಿಸಿ, ಆತನು ದುಡಿಯತೊಡಗಿದ ಮೇಲೆ ಸ್ವಂತ ಸಂಬಳದಿಂದ ಅದನ್ನು ತರಲಿ. ಕಾಯಕದಿಂದ ಬಂದ ಗುಡುಗಿಗೆ ನಮ್ಮ ಆಕ್ಷೇಪವಿಲ್ಲ! ಆಗಲೂ ನೆರೆಮನೆಯವರ ಗೋಡೆಯನ್ನು ಮೊದಲು ದಾಟುವುದು ಈ ಕೆಳಗಿನ ನಾದವೇ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಇಟ್ಟಿರುವ ಮಿತಿ 45 ಡೆಸಿಬೆಲ್. ಸ್ವಂತ ಕಿವಿಗೂ ಒಂದು ಮಿತಿಯುಂಟು: ವಾರಕ್ಕೆ 40 ಗಂಟೆ ಕೇಳುವವರು 80 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಮೂರು ಕ್ಯಾಸೆಟ್ಟುಗಳ ವಿಚಾರದಲ್ಲಿ ಮಾತ್ರ ವಿಳಂಬ ಸಲ್ಲದು. ಸ್ಪೀಕರು ಇಂದಲ್ಲದಿದ್ದರೆ ಮುಂದಿನ ವರ್ಷ ಸಿಕ್ಕೀತು, ಆ ಧ್ವನಿ ಇನ್ನೆಲ್ಲಿಯೂ ಸಿಗದು. ಮೊದಲು ಪ್ರತಿ ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಆಮೇಲೆ ತಪ್ಪಿ ಗುಂಡಿ ಒತ್ತಿದರೂ ಮೇಲೆ ಬೇರೆ ಮುದ್ರಣವಾಗುವುದಿಲ್ಲ. ಟೇಪ್ ರೆಕಾರ್ಡರಿನ ಹೆಡ್ಡನ್ನು ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಿರಿ. ಟೇಪನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಅಂಟಿದ ಸುತ್ತುಗಳು ಬಿಡುವಂತೆ ಮಾಡಿರಿ. ಧ್ವನಿ ಕಂಬಳಿ ಹೊದ್ದಂತೆ ಮಂಕಾಗಿದ್ದರೆ ಹೆಡ್ಡಿನ ಓರೆ ತಪ್ಪಿರಬಹುದು; ಅದರ ಪಕ್ಕದ ಸಣ್ಣ ಸ್ಕ್ರೂವನ್ನು ತಿಳಿದವರು ಕೂದಲೆಳೆಯಷ್ಟು ತಿರುಗಿಸಿದರೆ ಸಕಾರಗಳು ಫಕ್ಕನೆ ಹೊರಬರುತ್ತವೆ. ಹಾಗೆಯೇ ಅದನ್ನು ಕಂಪ್ಯೂಟರಿಗೆ ಇಳಿಸಿ ಸಿ.ಡಿ.ಯ ಗುಣಮಟ್ಟದ ಕಡತವಾಗಿ ಉಳಿಸಿರಿ. ಒಂಟಿ ಚಾನೆಲಿನ ಒಂದು ಗಂಟೆಗೆ ಸುಮಾರು 320 ಎಂ.ಬಿ. ಆಗುತ್ತದೆ. ಎರಡು ಬೇರೆ ಬೇರೆ ಮನೆಗಳಲ್ಲಿ ಒಂದೊಂದು ಪ್ರತಿ ಇರಲಿ. ಸ್ಟುಡಿಯೋದವರು ಸೊಯ್ಯೆನ್ನುವ ಸದ್ದನ್ನು ಪೂರ್ತಿ ತೆಗೆದುಕೊಡುತ್ತೇವೆ ಎಂದರೆ ಒಪ್ಪಬೇಡಿರಿ. ಆ ಸೊಯ್ಯೆನ್ನುವ ಸದ್ದೂ ವ್ಯಂಜನಗಳೂ ಒಂದೇ ಸೀಮೆಯ ನಿವಾಸಿಗಳು. ಒಂದನ್ನು ಓಡಿಸಹೋದರೆ ಇನ್ನೊಂದೂ ಹೋಗುತ್ತದೆ. ಉಳಿದ ಧ್ವನಿ ನೀರಿನೊಳಗಿನಿಂದ ಬಂದಂತಿರುತ್ತದೆ. ಹಿರಿಯರ ಧ್ವನಿಯೊಡನೆ ಆ ಕಾಲದ ಟೇಪಿನ ಉಸಿರೂ ಇರಲಿ. ಅದು ತಾಯಿಯವರಿಗೆ ಅಡ್ಡಿಯಾಗದು.

ಪೆಟ್ಟಿಗೆಗಳು ಮನೆಗೆ ಬಂದ ಮೇಲೆ ಅವನ್ನು ಕಪಾಟಿನ ನೆತ್ತಿಯ ಮೇಲೆ ಏರಿಸಬೇಡಿರಿ, ಮೂಲೆಗೂ ದೂಡಬೇಡಿರಿ. ಮೂಲೆಯಲ್ಲಿಟ್ಟರೆ ಗಂಭೀರನಾದವು ಉಬ್ಬಿ ಮಾತನ್ನು ನುಂಗುತ್ತದೆ. ಟ್ವೀಟರು ಕುಳಿತವರ ಕಿವಿಯ ಎತ್ತರಕ್ಕೆ ಬರಲಿ, ಹಿಂದಿನ ಗೋಡೆಯಿಂದ ಒಂದೂವರೆ ಎರಡು ಅಡಿ ಮುಂದಿರಲಿ, ಎರಡು ಪೆಟ್ಟಿಗೆಗಳ ನಡುವಿನ ಅಂತರವೂ ಅವುಗಳಿಂದ ತಾಯಿಯವರ ಕುರ್ಚಿಗಿರುವ ಅಂತರವೂ ಹೆಚ್ಚುಕಡಿಮೆ ಒಂದೇ ಆಗಿರಲಿ. ಏಳೆಂಟು ಅಡಿ ಸಾಕು. ಹತ್ತಿರ ಕುಳಿತಷ್ಟೂ ನೇರವಾಗಿ ಬರುವ ಧ್ವನಿ ಹೆಚ್ಚಿ ಗೋಡೆಗೆ ಬಡಿದು ಬರುವುದು ಕಡಿಮೆಯಾಗುತ್ತದೆ.

ಉಳಿದುದು ಜೋಪಾಸನೆ. ಕೊಳ್ಳುವಾಗ ಶಂಕುವಿನ ಸುತ್ತಲಿನ ಅಂಚು ರಬ್ಬರಿನದೇ ಎಂದು ಕೇಳಿರಿ. ಫೋಮಿನ ಅಂಚು ವರ್ಷಗಳು ಕಳೆದಂತೆ ಪುಡಿಯಾಗಿ ಉದುರುತ್ತದೆ. ಹಿಂಬದಿಯಲ್ಲಿ ಗಾಳಿಯ ರಂಧ್ರವಿರುವ ಪೆಟ್ಟಿಗೆಯೊಳಗೆ ಹಲ್ಲಿ, ಜಿರಲೆಗಳು ಸಂಸಾರ ಹೂಡುತ್ತವೆ. ಸೊಳ್ಳೆಪರದೆಯ ತುಂಡೊಂದನ್ನು ರಬ್ಬರ್ ಬ್ಯಾಂಡಿನಿಂದಲೋ ಟೇಪಿನಿಂದಲೋ ಕಟ್ಟಿದರೆ ನಾದಕ್ಕೆ ತೊಂದರೆಯಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮುಂದಿನ ಜಾಲರಿಯನ್ನು ತೆಗೆಯಬೇಡಿರಿ, ಟ್ವೀಟರಿನ ಗುಮ್ಮಟ ಅವರ ಬೆರಳನ್ನು ಕರೆಯುತ್ತದೆ. ಪೆಟ್ಟಿಗೆಯ ಮೇಲೆ ಹೂದಾನಿಯನ್ನೂ ದೀಪವನ್ನೂ ಇಡಬೇಡಿರಿ. ಮಳೆಗಾಲದ ಸಿಡಿಲಿಗೆ ಆಂಪ್ಲಿಫೈಯರಿನ ಪ್ಲಗ್ಗನ್ನೇ ಕಿತ್ತಿಡುವುದು ಒಳ್ಳೆಯದು, ಸ್ವಿಚ್ಚು ಆರಿಸಿದರಷ್ಟೇ ಸಾಲದು. ಅಂಗಡಿಯ ರಸೀದಿಯನ್ನು ಮನೆಯ ಕಾಗದಪತ್ರಗಳ ಜೊತೆಗಿಡಿರಿ. ಸ್ಪೀಕರು ಬಂದ ರಟ್ಟಿನ ಡಬ್ಬಿಯನ್ನೂ ಅದರೊಳಗಿನ ಥರ್ಮೋಕೋಲನ್ನೂ ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲೆ ಇಟ್ಟುಕೊಳ್ಳಿರಿ, ರಿಪೇರಿಗೆ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸಬೇಕಾಗಿ ಬಂದರೆ ಅದರಲ್ಲಿಯೇ ಕಳಿಸಬಹುದು.